ರಿಮೋಟು ರಾಯರು

ಮೈಸೂರಿನ ಸರಸ್ವತೀಪುರದಲ್ಲಾಗಲಿ ಬೆಂಗಳೂರಿನ ಬಸವನಗುಡಿಯಲ್ಲಾಗಲಿ, ಸರ್ಕಾರದ ಯಾವುದೋ ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿ ಅರ್ಧಾಯುಷ್ಯವನ್ನು ಸವೆಸಿ, ನಿವೃತ್ತಿವೇತನವನ್ನೂ ರಕ್ತದೊತ್ತಡವನ್ನೂ ಒಂದೇ ತಿಂಗಳಲ್ಲಿ ಸಂಪಾದಿಸಿಕೊಂಡು, ಈಗ ಮಗನ ಮನೆಯ ಹಜಾರದಲ್ಲಿ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಗೆ ಶಾಶ್ವತ ಅಧ್ಯಕ್ಷರಾಗಿರುವ ಮಹನೀಯರೊಬ್ಬರಿಲ್ಲದ ಬೀದಿ ಇರಲಾರದು. ಇವರ ನಾಮಧೇಯ ಪಡಿತರ ಚೀಟಿಯಲ್ಲಿ ಏನೇ ಇರಲಿ, ನಾನು ಇವರನ್ನು ರಿಮೋಟು ರಾಯರೆಂದೇ ಕರೆಯುತ್ತೇನೆ. ಟೀವಿಯ ಮುಂದೆ ಇವರು ಕೂರುವುದು ವಿರಳ. ಕೂತರೂ ಸಂಜೆಯ ವಾರ್ತೆಯ ಮುಖ್ಯಾಂಶಗಳು ಮುಗಿಯುವುದರೊಳಗೆ ನಿದ್ರಾವಶರಾಗಿರುತ್ತಾರೆ. ಆದರೆ ‘ಯಾಕೋ ರಿಮೋಟು ಕೆಲಸ ಮಾಡ್ತಿಲ್ಲ’ ಎಂಬ ಕ್ಷೀಣಸ್ವರವೊಂದು ಸೋಫಾದ ಕಡೆಯಿಂದ ಕೇಳಿಬಂದದ್ದೇ ತಡ, ಮೊಣಕಾಲು ನೋವು ಯಾರದೋ ಎಂಬಂತೆ ಎದ್ದುನಿಂತು, ಪಂಚೆಯನ್ನು ಬಿಗಿದುಕಟ್ಟಿ, ‘ಯಾರೂ ಮುಟ್ಟಬೇಡಿ, ಅಲ್ಲೇ ಇಡಿ’ ಎಂದು ಆಜ್ಞಾಪಿಸುತ್ತಾರೆ.

ಈ ಉತ್ಸಾಹಕ್ಕೆ ಜಿಪುಣತನವೇ ಮೂಲವೆಂದು ಸೊಸೆ ತಿಳಿದಿರುವುದು ಅಷ್ಟೇನೂ ಸರಿಯಲ್ಲ. ಹೊಸ ರಿಮೋಟು ಅಂಗಡಿಯಲ್ಲಿ ಅಗ್ಗವಾಗಿಯೇ ದೊರೆಯುತ್ತದೆಂಬುದು ರಾಯರಿಗೆ ತಿಳಿಯದ್ದಲ್ಲ. ಆ ಅಗ್ಗದ ಹಣವನ್ನು ಉಳಿಸುವ ಸಲುವಾಗಿ ಅವರು ತರಿಸುವ ಸ್ಪಿರಿಟ್ಟು, ಅಂಟು, ಸಣ್ಣ ಸ್ಕ್ರೂಡ್ರೈವರುಗಳ ಪೆಟ್ಟಿಗೆ ಮುಂತಾದವುಗಳ ಖರ್ಚನ್ನು, ಲೆಕ್ಕಪತ್ರ ಶಾಖೆಯವರಾದರೂ, ಎಂದೂ ಬರೆದಿಟ್ಟವರಲ್ಲ. ಕಾರಣ ಬೇರೆಯೇ ಇದೆ. ಸುಸ್ಥಿತಿಯಲ್ಲಿರುವ ರಿಮೋಟು ಆ ಮನೆಯಲ್ಲಿ ಸಂಜೆ ಆರಕ್ಕೆ ಯಜಮಾನಿಯ ಕೈಯಲ್ಲಿದ್ದು ದೇವರನಾಮ ಹಾಡಿಸುತ್ತದೆ. ಏಳರಿಂದ ಒಂಬತ್ತೂವರೆಯ ತನಕ ಸೊಸೆಯ ವಶದಲ್ಲಿದ್ದು ಧಾರಾವಾಹಿಯಿಂದ ಧಾರಾವಾಹಿಗೆ ನೆಗೆಯುತ್ತದೆ. ಅನಂತರ ಮಗನ ಪಾಲಾಗಿ ಕ್ರಿಕೆಟ್ಟಿಗೂ, ರಜೆ ಬಂತೆಂದರೆ ಮೊಮ್ಮಗನ ಪಾಲಾಗಿ ಕಾರ್ಟೂನಿಗೂ ಸಲ್ಲುತ್ತದೆ. ಈ ವಂಶಾವಳಿಯಲ್ಲಿ ರಾಯರ ಹೆಸರಿಲ್ಲ. ಬ್ಯಾಂಕಿನ ವ್ಯವಹಾರ ಮಗನಿಗೂ ಬೀರುವಿನ ಬೀಗದಕೈ ಸೊಸೆಗೂ ಹಸ್ತಾಂತರವಾದ ಮೇಲೆ, ಮನೆಯ ಅಧಿಕಾರದಂಡವೆಂಬುದು ಅವರ ಅಂಗೈಗೆ ಬರುವುದು ಅದು ಕೆಟ್ಟಾಗ ಮಾತ್ರ. ಹಾಗೆ ಬಂದದ್ದನ್ನು ಥಟ್ಟನೆ ಸರಿಪಡಿಸಿ ಹಿಂದಿರುಗಿಸಲು ಅವರೇನು ಅವಿವೇಕಿಗಳೇ?

ಆದ್ದರಿಂದ ತನಿಖೆಯು ಸರ್ಕಾರಿ ಕ್ರಮದಲ್ಲಿಯೇ, ಸರ್ಕಾರಿ ವೇಗದಲ್ಲಿಯೇ ನಡೆಯುತ್ತದೆ. ಕಡೆಯದಾಗಿ ಒತ್ತಿದವರು ಯಾರು, ಯಾವ ಗುಂಡಿ, ನೆಲಕ್ಕೆ ಬಿದ್ದದ್ದುಂಟೇ ಎಂದು ಒಬ್ಬೊಬ್ಬರ ಹೇಳಿಕೆಯೂ ದಾಖಲಾಗುತ್ತದೆ. ಬಿದ್ದಿತೇ ಎಂಬ ಪ್ರಶ್ನೆ ಅಪ್ರಸ್ತುತವೂ ಅಲ್ಲ: ರಿಮೋಟಿನ ಒಳಹಲಗೆಯ ಮೇಲೆ ಸಾಮಾನ್ಯವಾಗಿ ಪಿಂಗಾಣಿ ಜಾತಿಯ ಚಿಕ್ಕದೊಂದು ಅಂಗವಿದ್ದು, ಹಲವು ಮಾದರಿಗಳಲ್ಲಿ ಸೆಕೆಂಡಿಗೆ 4,55,000 ಬಾರಿ ಕಂಪಿಸುತ್ತ ಇಡೀ ಯಂತ್ರಕ್ಕೆ ತಾಳ ಹಾಕುವುದು ಅದೇ, ಬಿದ್ದ ಪೆಟ್ಟಿಗೆ ಅದು ಬಿರುಕುಬಿಟ್ಟಿತೆಂದರೆ ಶೆಲ್ಲುಗಳು ಎಷ್ಟು ಹೊಸವಾದರೂ ನಿಷ್ಪ್ರಯೋಜಕ. ಸಾಕ್ಷಿಗಳೆಲ್ಲರೂ ಬೀಳಿಸಿಯೇ ಇಲ್ಲವೆಂದು ಏಕಕಂಠದಿಂದ ನುಡಿಯುತ್ತಾರೆ; ಸೋಫಾದ ಅಡಿಯಲ್ಲಿ ದೊರೆತ ಶೆಲ್ಲಿನ ಮುಚ್ಚಳ ಮಾತ್ರ ಬೇರೆ ಕಥೆಯನ್ನೇ ಹೇಳುತ್ತದೆ.

ಈ ನಡುವೆ ಯಜಮಾನಿಯು ಅಡುಗೆಮನೆಯಿಂದ ಬಂದು, ಎರಡು ಶೆಲ್ಲುಗಳನ್ನೂ ಹೆಬ್ಬೆರಳಿನಿಂದ ಇದ್ದಲ್ಲಿಯೇ ಉರುಳಿಸಿ, ರಿಮೋಟನ್ನು ಅಂಗೈಗೆ ಪಟಪಟನೆ ಬಡಿದು, ‘ಹೀಗೆ ಮಾಡಿದ್ರೆ ಸರಿಹೋಗತ್ತೆ ಕಣ್ರೀ, ನಾನು ದಿನಾ ಮಾಡೋದು ಇದನ್ನೇ’ ಎನ್ನುತ್ತಾರೆ. ರಾಯರು ಇದನ್ನು ಅವೈಜ್ಞಾನಿಕವೆಂದು ತಳ್ಳಿಹಾಕುತ್ತಾರೆ. ವಾಸ್ತವದಲ್ಲಿ ಆ ಮನೆಯಲ್ಲಿ ನಡೆಯುವ ವೈಜ್ಞಾನಿಕ ಕಾರ್ಯ ಅದೊಂದೇ. ಶೆಲ್ಲಿನ ತುದಿಗೂ ಸ್ಪ್ರಿಂಗಿಗೂ ನಡುವೆ ಕಟ್ಟಿಕೊಂಡ ಕಿಲುಬಿನ ತೆಳುಪೊರೆಯು ಆ ಉರುಳಾಟದಲ್ಲಿ ಉಜ್ಜಿಹೋಗಿ ವಿದ್ಯುತ್ತಿಗೆ ಹಾದಿಯಾಗುತ್ತದೆ. ಆದರೆ ಹೆಂಡತಿಯ ಹೆಬ್ಬೆರಳಿನಿಂದ ಬಗೆಹರಿಯುವಂಥ ವಿಷಯಕ್ಕೆ ತಾವು ಪಂಚೆ ಬಿಗಿದದ್ದು ವ್ಯರ್ಥವಾಗುವುದನ್ನು ಯಾವ ಗಂಡನು ತಾನೇ ಸಹಿಸಿಯಾನು? ಈ ಸಲವಂತೂ ಆ ಉಪಾಯ ಫಲಿಸುವುದಿಲ್ಲ. ರಾಯರ ಮುಖದಲ್ಲಿ ಕಳೆ ಏರುತ್ತದೆ.

ಮುಂದಿನ ಘಟ್ಟಕ್ಕೆ ಮೊಮ್ಮಗನ ನೆರವು ಬೇಕು. ರಿಮೋಟಿನ ತುದಿಯ ಪುಟ್ಟ ದೀಪ ಸೂಸುವ ಅವಕೆಂಪು ಕಿರಣವು ಮನುಷ್ಯನ ಕಣ್ಣಿಗೆ ಗೋಚರವಲ್ಲ. ಮೊಬೈಲಿನ ಕ್ಯಾಮೆರಾಕ್ಕೆ ಅನೇಕ ವೇಳೆ ಗೋಚರ. ‘ತಾತ, ಹಿಂದಿನದರಲ್ಲಿ ಕಾಣ್ತಿಲ್ಲ, ಸೆಲ್ಫಿ ಕ್ಯಾಮೆರಾದಲ್ಲಿ ನೋಡು’ ಎಂದು ಹುಡುಗ ಹೇಳಿದಂತೆ ಹಿಡಿದು ನೋಡಲಾಗಿ, ಚಾನೆಲ್ಲಿನ ಗುಂಡಿ ಒತ್ತಿದರೆ ನೇರಳೆ ಬಣ್ಣದ ಕಿಡಿಯೊಂದು ಮಿನುಗುತ್ತದೆ, ಧ್ವನಿ ಹೆಚ್ಚಿಸುವ ಗುಂಡಿ ಒತ್ತಿದರೆ ಏನೂ ಇಲ್ಲ. ಅಂದಮೇಲೆ ಶೆಲ್ಲು ಸರಿ, ದೀಪ ಸರಿ, ದೋಷವಿರುವುದು ಗುಂಡಿಯಲ್ಲಿ. ಇಷ್ಟು ಚೊಕ್ಕಟವಾದ ತರ್ಕ ಅನೇಕ ಕಡತಗಳಲ್ಲಿಯೂ ದೊರೆಯದು. ಉತ್ತೇಜಿತನಾದ ಮೊಮ್ಮಗ ಅಲ್ಲಿಯೇ ರಿಮೋಟಿನ ಪುರಾಣವನ್ನೂ ಓದಿ ಹೇಳುತ್ತಾನೆ: 1955ರಲ್ಲಿ ಅಮೆರಿಕದ ಯೂಜೀನ್ ಪಾಲಿ ರೂಪಿಸಿದ ನಿಸ್ತಂತು ರಿಮೋಟು ಟೀವಿಯ ಮೂಲೆಗಳಿಗೆ ಬೆಳಕು ಬಿಟ್ಟು ಕೆಲಸ ಮಾಡುತ್ತಿದ್ದುದರಿಂದ ಬಿಸಿಲು ಬಿದ್ದಾಗ ಸೂರ್ಯನಾರಾಯಣನೇ ಚಾನೆಲ್ಲು ಬದಲಾಯಿಸಿಬಿಡುತ್ತಿದ್ದನೆಂದೂ, ಮರುವರ್ಷ ರಾಬರ್ಟ್ ಆಡ್ಲರ್ ರೂಪಿಸಿದ್ದರಲ್ಲಿ ಅಲ್ಯೂಮಿನಿಯಂ ಸರಳುಗಳಿಗೆ ಪುಟ್ಟ ಸುತ್ತಿಗೆ ಬಡಿದು ಕಿವಿಗೆ ಕೇಳಿಸದ ನಾದ ಹೊರಡುತ್ತಿದ್ದಿತಾಗಿ ಬ್ಯಾಟರಿಯೇ ಬೇಕಿರಲಿಲ್ಲವೆಂದೂ. ‘ಬ್ಯಾಟರಿಯೇ ಇಲ್ಲ! ಅದು ನೋಡು ಯಂತ್ರ ಅಂದ್ರೆ’ ಎಂದು ರಾಯರು, ಅಂದಿನ ಮೈಸೂರಿನಲ್ಲಿ ಟೀವಿಯೇ ಇರಲಿಲ್ಲವೆಂಬುದನ್ನು ಮರೆತು, ಕಳೆದುಕೊಂಡ ಪಿತ್ರಾರ್ಜಿತ ಆಸ್ತಿಯೊಂದಕ್ಕೆ ಎಂಬಂತೆ ನಿಟ್ಟುಸಿರಿಡುತ್ತಾರೆ.

ಇನ್ನು ಬಿಚ್ಚುವ ಕಾರ್ಯ. ಶೆಲ್ಲಿನ ಗೂಡಿನಲ್ಲಿ ಅಡಗಿರುವ ಒಂದೇ ಸ್ಕ್ರೂವನ್ನು ತೆಗೆದರೂ ರಿಮೋಟು ಬಾಯಿಬಿಡುವುದಿಲ್ಲ, ಉಳಿದ ಬಿಗಿಯೆಲ್ಲ ಅಂಚಿನ ಪ್ಲಾಸ್ಟಿಕ್ಕಿನ ಕೊಕ್ಕೆಗಳದು. ಟೆಸ್ಟರು ದಪ್ಪವಾಯಿತು, ಉಗುರು ಮುರಿಯಿತು, ಕಡೆಗೆ ಈರುಳ್ಳಿ ಹೆಚ್ಚುವ ಚಾಕುವಿನ ತುದಿಯನ್ನು ಸೀಳಿನಲ್ಲಿ ತೂರಿಸಿ ತಿರುವಿದಾಗ ಟಪ್ಪೆಂದು ತೆರೆದುಕೊಂಡದ್ದೇನೋ ನಿಜ, ಚಾಕುವಿನ ತುದಿ ಬಾಗಿದ್ದೂ ನಿಜ. ಒಳಗಿನ ದೃಶ್ಯ ಆ ಕುಟುಂಬದ ಆಹಾರೇತಿಹಾಸ: ಬಿಸ್ಕತ್ತಿನ ಪುಡಿ, ಚಕ್ಕುಲಿಯ ಎಳ್ಳು, ಅರಿಸಿನದ ಕಲೆ, ಇವೆಲ್ಲದರ ಮೇಲೆ ಜಿಡ್ಡಿನದೊಂದು ಲೇಪ. ಹಸಿರು ಹಲಗೆಯ ಮೇಲೆ ಪ್ರತಿ ಗುಂಡಿಗೂ ಒಂದೊಂದರಂತೆ, ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರೊಳಗೊಂದು ತೂರಿಸಿದಂತೆ ಕಪ್ಪು ಗೆರೆಗಳು. ಮೇಲಿನ ರಬ್ಬರು ಹಾಳೆಯ ತಳದಲ್ಲಿ ಇಂಗಾಲದ ಚಿಕ್ಕ ಬಿಲ್ಲೆಗಳು. ಒತ್ತಿದಾಗ ಬಿಲ್ಲೆಯು ಎರಡು ಗೆರೆಗಳನ್ನೂ ಕೂಡಿಸಬೇಕು, ಅಷ್ಟೇ ರಹಸ್ಯ. ಧ್ವನಿಯ ಗುಂಡಿಯ ಬಿಲ್ಲೆಯಾದರೋ ಯಜಮಾನಿಯ ಕಿವಿ ಮಂದವಾದಂದಿನಿಂದ ತೇದು ತೇದು ಬಿಳುಚಿಹೋಗಿದೆ.

ರಾಯರ ಶ್ರದ್ಧೆಯನ್ನು ಇಲ್ಲಿ ಮೆಚ್ಚಲೇಬೇಕು. ಹಲಗೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ರಬ್ಬರು ಹಾಳೆಯನ್ನು ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಆರಿಸಿ, ಸ್ಪ್ರಿಂಗುಗಳನ್ನು ಉಪ್ಪುಕಾಗದದಿಂದ ಉಜ್ಜುವ ಅವರ ಏಕಾಗ್ರತೆಯು ಸಂಧ್ಯಾವಂದನೆಯಲ್ಲಿಯೂ ಕಂಡದ್ದಲ್ಲ. ಇಷ್ಟಕ್ಕೆ ನಿಲ್ಲಿಸಿದ್ದರೆ ಇವರು ಪ್ರಾಜ್ಞರೆನಿಸುತ್ತಿದ್ದರು. ಸವೆದ ಬಿಲ್ಲೆಗೆ ಬದಲಾಗಿ ಮೊಮ್ಮಗನ ಚಪಾತಿ ಸುತ್ತಿದ ಅಲ್ಯೂಮಿನಿಯಂ ಹಾಳೆಯಿಂದ ಚೂರೊಂದನ್ನು ಕತ್ತರಿಸಿ ಅಂಟಿಸಬೇಕೆಂಬ ಯುಕ್ತಿ ಅವರಿಗೆ ಹೊಳೆಯುತ್ತದೆ. ಯುಕ್ತಿಯೇನೂ ಕೆಟ್ಟದಲ್ಲ, ಬಲ್ಲವರೂ ಮಾಡುವುದುಂಟು. ಆದರೆ ಚೂರು ಅಳತೆಗೆ ತಕ್ಕಂತಿರಬೇಕು, ಅಂಟು ಒಣಗುವವರೆಗೆ ತಾಳ್ಮೆಯಿರಬೇಕು. ಅತ್ತ ಏಳು ಗಂಟೆ ಸಮೀಪಿಸುತ್ತಿದೆ, ‘ಮಾವ, ಆಯ್ತಾ?’ ಎಂಬ ವಿಚಾರಣೆ ಪದೇ ಪದೇ ಬರುತ್ತಿದೆ.

ಮುಚ್ಚಿದ ರಿಮೋಟನ್ನು ರಾಯರು ಸಭೆಯೆದುರು ಟೀವಿಗೆ ಗುರಿಹಿಡಿದು ಒಮ್ಮೆ ಒತ್ತಿದರು. ಧ್ವನಿ ಏರಿತು, ಎಲ್ಲರೂ ಹರ್ಷಿಸಿದರು. ಬೆರಳನ್ನು ತೆಗೆದರು; ಧ್ವನಿ ಇನ್ನೂ ಏರಿತು. ಒಳಗೆ ಜಾರಿದ ಚೂರು ಎರಡು ಗೆರೆಗಳಿಗೂ ಅಂಟಿಕೊಂಡು ತಾನೇ ಗುಂಡಿಯನ್ನು ಒತ್ತುತ್ತಲಿತ್ತು. ಒಂದು ಗುಂಡಿ ಹೀಗೆ ಸಿಕ್ಕಿಬಿದ್ದಿರುವಾಗ ಉಳಿದ ಗುಂಡಿಗಳ ಮನವಿಯನ್ನು ರಿಮೋಟು ಪರಿಗಣಿಸುವುದಿಲ್ಲ. ವಾರ್ತಾವಾಹಿನಿಯಲ್ಲಿ ಮೊದಲೇ ಕೂಗಾಡುತ್ತಿದ್ದ ನಾಲ್ವರು ಚರ್ಚಾಪಟುಗಳ ಕಂಠ ಸರಸ್ವತೀಪುರದ ಆ ಅಡ್ಡರಸ್ತೆಯನ್ನೆಲ್ಲ ವ್ಯಾಪಿಸಿತು. ಎದುರು ಮನೆಯ ನಾಯಿ ಊಳಿಟ್ಟಿತು. ಪಕ್ಕದ ಮನೆಯವರು ಗೇಟಿನ ಬಳಿಗೆ ಬಂದು ನಿಂತರು. ಸೊಸೆ ಓಡಿಹೋಗಿ ಗೋಡೆಯ ಸ್ವಿಚ್ಚನ್ನೇ ಆರಿಸಿದಳು.

‘ನೋಡಿದೆಯೇನೇ,’ ಎಂದರು ರಾಯರು ಹೆಂಡತಿಯ ಕಡೆ ತಿರುಗಿ, ಸದ್ದಡಗಿದ ಮೇಲೆ, ‘ವಾಲ್ಯೂಮ್ ಗುಂಡಿ ಕೆಲಸ ಮಾಡ್ತಿದೆ.’ ಉಳಿದಿರುವ ದೋಷವು ಟೀವಿಯದೆಂದೂ, ನಾಳೆ ಬೆಳಗ್ಗೆ ಅದರ ಹಿಂದಿನ ಮುಚ್ಚಳ ತೆಗೆಯಬೇಕಾದೀತೆಂದೂ ಅವರು ಸೇರಿಸಿದ ಮಾತು ಮುಗಿಯುವಷ್ಟರಲ್ಲಿ, ಮಗನು ಮೊಬೈಲು ಹಿಡಿದು ಹೊಸ ರಿಮೋಟಿಗೆ ಹಣವನ್ನೂ ಕಟ್ಟಿಯಾಗಿತ್ತು.

ಅದು ಬಂದಾಗ, ಯಜಮಾನಿ ಅದನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು ರಬ್ಬರ್ ಬ್ಯಾಂಡ್ ಬಿಗಿಯುವ ಮುನ್ನ, ಹಿರಿಯರೆಂಬ ಗೌರವಕ್ಕೆ ರಾಯರ ಕೈಗೊಮ್ಮೆ ಕೊಡಲಾಯಿತು. ಅವರು ತೂಗಿ ನೋಡಿದರು, ಕಿವಿಯ ಬಳಿ ಅಲ್ಲಾಡಿಸಿದರು, ಒಂದೊಂದೇ ಗುಂಡಿಯನ್ನು ಒತ್ತಿ ಒತ್ತಿ ಪರೀಕ್ಷಿಸಿದರು. ‘ಎಲ್ಲಾ ಸರಿಯಾಗಿದೆ,’ ಎಂದರು, ‘ಗುಂಡಿಗಳು ಮಾತ್ರ ಒಂಚೂರು ಬಿಗಿ. ಒಂದು ಸಲ ಬಿಚ್ಚಿ ನೋಡಿಬಿಡೋಣ.’