ಉದ್ದೇಶಪತ್ರಾರ್ಥಿ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಓದಬಯಸುವವರು ಆ ವಿದ್ಯೆಯೇ ತಮಗೆ ಏಕೆ ಬೇಕೆಂಬುದನ್ನು ಪ್ರಬಂಧರೂಪದಲ್ಲಿ ನಿವೇದಿಸಿಕೊಳ್ಳಬೇಕಾಗುತ್ತದೆ. ಬಳಕೆಯಲ್ಲಿ ಎಸ್‌ಒಪಿ ಎನಿಸಿಕೊಂಡಿರುವ ಈ ಬರಹವನ್ನು ಶಾಸ್ತ್ರದ ಗೌರವಕ್ಕೆ ತಕ್ಕಂತೆ ಉದ್ದೇಶಪತ್ರವೆಂದು ಕರೆಯಬಹುದು. ಇದನ್ನು ಬರೆಯಲೆಂದು ಕುಳಿತು, ಬರೆಯದೆ, ಹಾಗೆಂದು ಎದ್ದೂ ಹೋಗದೆ ನಾಲ್ಕು ತಿಂಗಳು ಕಳೆಯುವ ಜೀವಿಯೇ ಉದ್ದೇಶಪತ್ರಾರ್ಥಿ. ಈ ವರ್ಗದಲ್ಲಿ ಹೆಣ್ಣು ಗಂಡು ಇಬ್ಬರೂ ಉಂಟಾದರೂ, ಕ್ರಿಯಾಪದಗಳ ಅನುಕೂಲಕ್ಕಾಗಿ ಇಲ್ಲಿ ಪುಲ್ಲಿಂಗವನ್ನು ಬಳಸಲಾಗಿದೆ. ಉಪಜಾತಿಗಳು ಹಲವಿರುವುದರಿಂದ, ದಾವಣಗೆರೆಯಲ್ಲಿ ಬಿಡಿಎಸ್ ಮುಗಿಸಿ ಸಾಗರ ಸೀಮೆಯ ತನ್ನ ಹಳ್ಳಿಗೆ ಮರಳಿರುವ ಮಲೆನಾಡಿನ ದಂತವೈದ್ಯನನ್ನೇ ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ.

ಹಲ್ಲಿನ ವೈದ್ಯನು ಊರಿನ ಆರೋಗ್ಯದ ಕಡೆಗೆ ಹೊರಳಿದ್ದಕ್ಕೆ ಕಾರಣವಿಲ್ಲದಿಲ್ಲ. ಭಾರತದ ಬಿಡಿಎಸ್ ಪದವಿಯೊಂದನ್ನೇ ನೆಚ್ಚಿಕೊಂಡು ಅಮೆರಿಕದಲ್ಲಿ ಹಲ್ಲು ಕೀಳುವಂತಿಲ್ಲ. ಅಲ್ಲಿಯ ಪರವಾನಗಿ ಪರೀಕ್ಷೆಗಳನ್ನು ಪಾಸು ಮಾಡಬೇಕು, ಸಾಮಾನ್ಯವಾಗಿ ಅಲ್ಲಿಯದೇ ದಂತವೈದ್ಯ ಶಾಲೆಯಲ್ಲಿ ಮತ್ತೆ ಎರಡು ಮೂರು ವರ್ಷ ಓದಬೇಕು, ಅದಕ್ಕೆ ಮೊದಲು ಆ ನೆಲದಲ್ಲಿ ಕಾಲೂರಲು ಒಂದು ಜಾಗ ಬೇಕು. ಈ ದೀರ್ಘ ಯಾತ್ರೆಯ ಮಧ್ಯೆ ಎಂಪಿಎಚ್ ಎಂಬುದು ಸುಮಾರು ಎರಡು ವರ್ಷ ತಂಗಬಹುದಾದ ಒಂದು ಛತ್ರ. ಆದರೆ ಛತ್ರದ ಬಾಗಿಲಲ್ಲಿ ನಿಂತು ‘ಮಲಗಲು ಬಂದಿದ್ದೇನೆ’ ಎನ್ನಲಾಗದು, ದೇವರ ದರ್ಶನಕ್ಕೆ ಬಂದಿದ್ದೇನೆಂದೇ ಹೇಳಬೇಕು. ಆದ್ದರಿಂದ ನಿಜವಾದ ಉದ್ದೇಶವೊಂದನ್ನು ಬಿಟ್ಟು ಮಿಕ್ಕ ಎಲ್ಲ ಉದ್ದೇಶಗಳನ್ನೂ ಒಳಗೊಂಡ ಪತ್ರಕ್ಕೆ ಉದ್ದೇಶಪತ್ರವೆಂಬ ಹೆಸರು ಬಂದಿದೆ.

ಪತ್ರದ ಮೊದಲ ವಾಕ್ಯದಲ್ಲಿ ಅಜ್ಜಿಗೆ ಕಾಯಿಲೆಯಾಗಬೇಕೆಂಬುದು ಈ ಪ್ರಕಾರದ ಅಲಿಖಿತ ನಿಯಮ. ಉದ್ದೇಶಪತ್ರಾರ್ಥಿಯ ದುರದೃಷ್ಟಕ್ಕೆ ಅವನ ಅಜ್ಜಿ ಎಂಬತ್ತು ದಾಟಿದರೂ ಕೊಟ್ಟಿಗೆಗೆ ಹಾಸಲು ಕಾಡಿನಂಚಿನಿಂದ ದರಗು, ಎಂದರೆ ಒಣಗಿ ಉದುರಿದ ಎಲೆ, ಗುಡಿಸಿ ತರುವಷ್ಟು ಗಟ್ಟಿಯಾಗಿರುವುದರಿಂದ, ಕೊರತೆಯನ್ನು ಮೊಮ್ಮಗನೇ ತುಂಬಿಕೊಡಬೇಕಾಗುತ್ತದೆ. ಉಷ್ಣವಲಯದ ವೈದ್ಯಶಾಸ್ತ್ರವನ್ನು ಹೆಸರಿನಲ್ಲಿಯೇ ಹೊತ್ತಿರುವ ಟುಲೇನ್‌ನ ಶಾಲೆಗೆ ಹೋಗುವ ಪ್ರತಿಯಲ್ಲಿ ಆಕೆಗೆ ಮಲೇರಿಯಾ ಬರುತ್ತದೆ; ಪೋಷಣಶಾಸ್ತ್ರದ ವಿಭಾಗವಿರುವಲ್ಲಿಗೆ ರಕ್ತಹೀನತೆ; ಆರೋಗ್ಯನೀತಿಗೆ ಒತ್ತು ಕೊಡುವ ಕಡೆಗೆ, ಇಂಥದೇ ಕಾಯಿಲೆ ಎನ್ನದೆ, ಆಸ್ಪತ್ರೆ ದೂರವಿದ್ದದ್ದರಿಂದ ಸಂಭವಿಸಿದ ಮರಣ. ನವೆಂಬರ್ ಮುಗಿಯುವಷ್ಟರಲ್ಲಿ ಆ ಮುದುಕಿ ಐದು ಕಾಯಿಲೆ ಅನುಭವಿಸಿ ಎರಡು ಸಲ ತೀರಿಕೊಂಡಿರುತ್ತಾಳೆ, ಎರಡು ಸಲವೂ ತೀರಿಕೊಂಡ ಅರ್ಧ ಗಂಟೆಗೆ ಕಾಫಿ ತಂದಿಟ್ಟು, “ಎಷ್ಟೊತ್ತು ಅದರ ಮುಂದೆ ಕೂತಿರ್ತೀಯ ಮಾರಾಯ, ಕಣ್ಣು ಹೋಗ್ತದೆ” ಎಂದು ಎಚ್ಚರಿಸಿರುತ್ತಾಳೆ. ಆ ಮನೆಯಲ್ಲಿ ನಡೆಯುವ ಆರೋಗ್ಯ ಶಿಕ್ಷಣ ಅದೊಂದೇ.

ಎರಡನೆಯ ಪರಿಚ್ಛೇದದಲ್ಲಿ ಬರುವುದು ಅನುಭವ. ದಂತವೈದ್ಯ ಪಠ್ಯದಲ್ಲಿ ‘ಸಾರ್ವಜನಿಕ ದಂತ ಆರೋಗ್ಯ’ವೆಂಬ ವಿಷಯವೊಂದಿದ್ದು, ಅದರ ಅಂಗವಾಗಿ ವಿದ್ಯಾರ್ಥಿಗಳು ಹಳ್ಳಿಯ ಶಾಲೆಗಳಿಗೆ ಹೋಗಿ ಮಕ್ಕಳ ಬಾಯಿ ನೋಡಿ ಬರುತ್ತಾರೆ, ಕಾಲೇಜಿನ ಭಾಷೆಯಲ್ಲಿ ಇದು ‘ಕ್ಯಾಂಪ್’. ಓದುವ ಕಾಲದಲ್ಲಿ ಕ್ಯಾಂಪೆಂದರೆ ಹಾಜರಿಯ ಚಿಂತೆಯಿಲ್ಲದ ದಿನವಾಗಿತ್ತು, ಬಸ್ಸಿನಲ್ಲಿ ಅಂತ್ಯಾಕ್ಷರಿಯೂ ಮರಳುವಾಗ ಬೆಣ್ಣೆದೋಸೆಯೂ ಅದರ ಮುಖ್ಯ ಫಲಗಳಾಗಿದ್ದವು. ಉದ್ದೇಶಪತ್ರದಲ್ಲಿ ಅದೇ ದಿನವು ಜೀವನದ ತಿರುವಾಗಿ ಮಾರ್ಪಡುತ್ತದೆ: ಪೇಸ್ಟಿನ ಟ್ಯೂಬು ಹಂಚಿದ್ದು ‘ಸಮುದಾಯ ಆಧಾರಿತ ಮಧ್ಯಪ್ರವೇಶ’ವಾಗುತ್ತದೆ, ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದು ‘ನಾಯಕತ್ವ’ವಾಗುತ್ತದೆ, ಹೆಡ್‌ಮಾಸ್ತರರು ಕೊಟ್ಟ ಎಳನೀರು ‘ಭಾಗೀದಾರರ ಸಹಯೋಗ’ವಾಗುತ್ತದೆ.

ಮೂರನೆಯ ಪರಿಚ್ಛೇದದಲ್ಲಿ ಜಾನ್ ಸ್ನೋ ಪ್ರವೇಶಿಸುತ್ತಾನೆ. ರೋಗವು ಯಾರಿಗೆ, ಎಲ್ಲಿ, ಯಾವಾಗ, ಏಕೆ ತಗಲುತ್ತದೆಂದು ಲೆಕ್ಕವಿಡುವ ಶಾಸ್ತ್ರಕ್ಕೆ ಎಪಿಡೆಮಿಯಾಲಜಿ ಎಂದು ಹೆಸರು. 1854ರಲ್ಲಿ ಲಂಡನ್ನಿನ ಸೋಹೊ ಪ್ರದೇಶದಲ್ಲಿ ಕಾಲರಾ ಹಬ್ಬಿದಾಗ ಸತ್ತವರ ಮನೆಗಳನ್ನು ವಿಚಾರಿಸಿ, ಬ್ರಾಡ್ ಸ್ಟ್ರೀಟಿನ ಪಂಪಿನ ನೀರೇ ಮೂಲವೆಂದು ತೋರಿಸಿ, ಪಂಪಿನ ಹಿಡಿಕೆಯನ್ನು ತೆಗೆಸಿದ ಈ ವೈದ್ಯನು ಆ ಶಾಸ್ತ್ರದ ಪಿತಾಮಹರಲ್ಲೊಬ್ಬನೆಂದು ಗಣಿಸಲ್ಪಟ್ಟಿದ್ದಾನೆ. ಹಿಡಿಕೆ ತೆಗೆಯುವ ಹೊತ್ತಿಗೆ ರೋಗವು ಆಗಲೇ ಇಳಿಯತೊಡಗಿತ್ತೆಂಬುದನ್ನು ಸ್ನೋ ತಾನೇ ಒಪ್ಪಿದ್ದನಾದರೂ, ಅರ್ಜಿದಾರರು ಅವನಷ್ಟು ಸಂಕೋಚದವರಲ್ಲವಾದ್ದರಿಂದ ಪ್ರತಿ ವರ್ಷದ ಅರ್ಜಿಗಳಲ್ಲಿಯೂ ಆ ಹಿಡಿಕೆ ಕಳಚಿ ಲಂಡನ್ ಉಳಿಯುತ್ತಲೇ ಇದೆ. ಉದ್ದೇಶಪತ್ರಾರ್ಥಿಯ ಮನೆಯೆದುರಿನ ಬೋರ್‌ವೆಲ್ಲಿಗೂ ಮೂರು ವರ್ಷದಿಂದ ಹಿಡಿಕೆಯಿಲ್ಲ. ಅದನ್ನು ತೆಗೆಸಿದವರು ಯಾರೂ ಇಲ್ಲ, ಅದು ತಾನಾಗಿ ಮುರಿದದ್ದು, ಆದ್ದರಿಂದ ಶಾಸ್ತ್ರಕ್ಕೆ ಸಂಬಂಧಿಸಿದ್ದಲ್ಲ.

ಉದ್ದೇಶಪತ್ರದ ಜೊತೆಗೆ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರಗಳೂ ಬೇಕು. ಇವನ್ನು ಗುರುಗಳು ಗುಟ್ಟಾಗಿ ಬರೆದು ನೇರವಾಗಿ ಕಳಿಸಬೇಕೆಂಬುದು ಅಲ್ಲಿಯ ನಿಯಮವಾದರೆ, “ನೀನೇ ಬರ್ಕೊಂಡು ಬಾರಪ್ಪ, ನೋಡಿ ಕಳಿಸ್ತೀನಿ” ಎಂಬುದು ಇಲ್ಲಿಯ ಸಂಪ್ರದಾಯ. ಹೀಗಾಗಿ ತನ್ನ ಬಗ್ಗೆ ತಾನೇ ಬರೆಯಲು ಮಾತು ಹೊರಡದ ಉದ್ದೇಶಪತ್ರಾರ್ಥಿಯು ಮೂವರು ಪ್ರಾಧ್ಯಾಪಕರ ಮೈಮೇಲೆ ಬಂದು ಬರೆಯಬೇಕಾಗುತ್ತದೆ. ಮೂರರಲ್ಲಿಯೂ ಅವನ ವಿನಯವನ್ನು ಕೊಂಡಾಡಲಾಗಿರುತ್ತದೆ. ಒಂದೇ ಕೈಬರಹವೆಂದು ತಿಳಿಯಬಾರದೆಂದು ಒಬ್ಬರಿಗೆ ದೀರ್ಘ ವಾಕ್ಯವನ್ನೂ ಒಬ್ಬರಿಗೆ ಗಿಡ್ಡ ವಾಕ್ಯವನ್ನೂ ಹಂಚಿ, ಮೂರನೆಯವರಿಗೆ ಅವರ ಘನತೆಗೆ ತಕ್ಕಂತೆ ಎರಡು ವ್ಯಾಕರಣದೋಷಗಳನ್ನೂ ದಯಪಾಲಿಸಲಾಗುತ್ತದೆ.

ಕೊನೆಯ ಪರಿಚ್ಛೇದವು ‘ಈ ಶಾಲೆಯೇ ಏಕೆ’ ಎಂಬ ಪ್ರಶ್ನೆಗೆ ಮೀಸಲು. ಆರು ಶಾಲೆಗಳಿಗೆ ಒಂದೇ ಉತ್ತರವನ್ನು ಹೆಸರು ಬದಲಿಸಿ ಕಳಿಸುವುದು ವಾಡಿಕೆಯಾದ್ದರಿಂದ, ಅಟ್ಲಾಂಟಾದ ಎಮೊರಿಗೆ ಹೋದ ಪ್ರತಿಯಲ್ಲಿ ಬಾಲ್ಟಿಮೋರ್ ನಗರದ ಮೇಲಿನ ಅಕ್ಕರೆ ಉಳಿದುಬಿಡುವುದುಂಟು. ಬೆಂಗಳೂರಿನ ಸಲಹೆಗಾರ್ತಿಯೊಬ್ಬಳು ಶುಲ್ಕ ಪಡೆದು ಇಂಥ ತಪ್ಪುಗಳನ್ನು ತಿದ್ದುತ್ತಾಳೆ. ಉದ್ದೇಶಪತ್ರಾರ್ಥಿಯು ಒಮ್ಮೆ, ಒಂದೇ ಒಂದು ಸಲ, ತನ್ನ ಸೀಮೆಯ ಮಂಗನ ಕಾಯಿಲೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದುಂಟು: 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಬಂದು, ಅದು ಉಣುಗು ಕಚ್ಚಿದ್ದರಿಂದ ಹರಡುವ ಹೊಸ ವೈರಾಣುವೆಂದು ಪತ್ತೆಯಾಗಿ, ಆ ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿದ ಕಥೆ. “ಇದು ತುಂಬಾ ಲೋಕಲ್ ಆಯ್ತು ಡಾಕ್ಟ್ರೇ” ಎಂದು ಸಲಹೆಗಾರ್ತಿ ಹೊಡೆದುಹಾಕಿದಳು. ಖಾಲಿಯಾದ ಜಾಗದಲ್ಲಿ ‘ಜಾಗತಿಕ’ ಎಂಬ ವಿಶೇಷಣ ನಾಲ್ಕು ಸಲ ಬಂದಿತು.

ಹಲವು ಶಾಲೆಗಳ ಗಡುವು ಡಿಸೆಂಬರಿನಲ್ಲಿ, ಅಮೆರಿಕದ ಪೂರ್ವ ತೀರದ ರಾತ್ರಿ 11 ಗಂಟೆ 59 ನಿಮಿಷಕ್ಕೆ ಮುಗಿಯುತ್ತದೆ. ಮಲೆನಾಡಿನಲ್ಲಿ ಆಗ ಮರುದಿನ ಬೆಳಗಿನ 10 ಗಂಟೆ 29 ನಿಮಿಷ. ಉಣುಗಿನ ಕಾಲವೂ ಹೆಚ್ಚುಕಡಿಮೆ ಆಗಲೇ ಶುರುವಾಗುವುದರಿಂದ, ಕಾಡಿಗೆ ಹೋಗುವವರು ಮೈಗೆ ಹಚ್ಚಿಕೊಳ್ಳಬೇಕಾದ ಡೇಪಾ ತೈಲದ ಬಾಟಲಿಗಳನ್ನು ಚೀಲದಲ್ಲಿಟ್ಟುಕೊಂಡು ಆಶಾ ಕಾರ್ಯಕರ್ತೆಯು, ಅಂದರೆ 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನವು ಸುಮಾರು ಸಾವಿರ ಜನಕ್ಕೆ ಒಬ್ಬಳಂತೆ ಆಯಾ ಊರಿನಿಂದಲೇ ಆರಿಸಿಕೊಂಡ ಹೆಣ್ಣುಮಗಳು, ಮನೆಮನೆ ತಿರುಗುತ್ತಿರುತ್ತಾಳೆ. 10 ಗಂಟೆ 26 ನಿಮಿಷಕ್ಕೆ ಆಕೆ ಜಗಲಿ ಹತ್ತುವಾಗ, ಉದ್ದೇಶಪತ್ರಾರ್ಥಿಯು ಸಮುದಾಯದೊಡನೆ ಬೆರೆಯುವ ತನ್ನ ಸಹಜ ಗುಣದ ಬಗ್ಗೆ ಕೊನೆಯ ವಾಕ್ಯವನ್ನು ತಿದ್ದುತ್ತಿದ್ದು, ತಲೆಯೆತ್ತದೆ “ಆಮೇಲೆ ಬನ್ನಿ ಅಕ್ಕ” ಎನ್ನುತ್ತಾನೆ. ಆಮೇಲೆ ಬರಲಾಗದಂತೆ ಆಕೆಗೆ ಇನ್ನೂ ನಲವತ್ತು ಮನೆಗಳಿರುವುದರಿಂದ ಒಂದು ಬಾಟಲಿಯನ್ನು ಜಗಲಿಯ ಮೇಲಿಟ್ಟು, ರಿಜಿಸ್ಟರು ಬಿಚ್ಚಿ, “ಅಜ್ಜಿ ದರಗಿಗೆ ಹೋಗ್ತಾರಲ್ಲ, ಜ್ವರಗಿರ ಏನಾದ್ರೂ ಬಂದಿತ್ತಾ?” ಎಂದು ಕೇಳುತ್ತಾಳೆ. ಅತ್ತ ಪರದೆಯ ಮೇಲೆ ಅಜ್ಜಿ ಮೂರನೆಯ ಸಲ ತೀರಿಕೊಂಡು, ಅರ್ಜಿ ಸಲ್ಲಿಕೆಯಾದ ಸೂಚನೆ ಮೂಡುತ್ತಿರುವಂತೆಯೇ, “ಇಲ್ಲ ಅಕ್ಕ, ಅಜ್ಜಿಗೆ ಏನೂ ಆಗಿಲ್ಲ, ಚೆನ್ನಾಗಿದಾರೆ” ಎಂದು ಅವನು ನಾಲ್ಕು ತಿಂಗಳಲ್ಲಿ ಮೊದಲನೆಯ ಬಾರಿಗೆ ಆಕೆಯ ಆರೋಗ್ಯದ ಬಗ್ಗೆ ನಿಜವಾದೊಂದು ಮಾತನ್ನು ಆಡುತ್ತಾನೆ. ಆಶಾ ಕಾರ್ಯಕರ್ತೆಯು ಅದನ್ನು ‘ಜ್ವರ ಇಲ್ಲ’ ಎಂಬ ಎರಡು ಪದಗಳಲ್ಲಿ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾಳೆ.