ಹೆದರಿಕೆ ಏನಿಲ್ಲ, ಲೈಟ್ ಮಾತ್ರ ಆರಿಸಬೇಡಿ

ನಿಜ ಹೇಳಿ, ಮಕ್ಕಳ ದೆವ್ವದ ಪುಸ್ತಕ ಓದುವಾಗ ನೀವು ಕಾಲನ್ನ ರಗ್ಗಿನೊಳಗೆ ಎಳ್ಕೊಳ್ತೀರೋ ಇಲ್ವೋ? (ಬಾಯಿಬಿಟ್ಟು ಹೇಳೋದು ಬೇಡ, ಪಕ್ಕದಲ್ಲಿ ಮನೆಯವರಿದ್ದಾರೆ.) 'ಅಯ್ಯೋ, ಮಗೂಗೆ ಓದಿ ಹೇಳೋಣ ಅಂತ ತಂದೆ' ಅಂತೀರಿ. ಒಪ್ಕೊಂಡೆ. ಮಗು ಒಂಬತ್ತೂವರೆಗೇ ಗೊರಕೆ ಹೊಡೀತಿತ್ತು. ಹನ್ನೆರಡೂಕಾಲಿಗೆ ನಿಮ್ಮ ರೂಮಿನ ಲೈಟು ಯಾಕೆ ಉರೀತಿತ್ತು ಸ್ವಾಮಿ?

ನಮ್ಮನೇಲಿ ಈ ಸಲ ಅಂಥ ರಂಪ ಎಬ್ಬಿಸಿದ್ದು ಜಾನ್ ಬೆಲ್ಲೇರ್ಸ್ ಬರೆದ 'ದಿ ಹೌಸ್ ವಿತ್ ಎ ಕ್ಲಾಕ್ ಇನ್ ಇಟ್ಸ್ ವಾಲ್ಸ್'. 1973ರ ಪುಸ್ತಕ. ಕಥೆ ನಡೆಯೋದು 1948ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ನ್ಯೂ ಜೆಬಡೀ ಅನ್ನೋ ಪುಟ್ಟ ಊರಲ್ಲಿ. ಮ್ಯಾಪಲ್ಲಿ ಹುಡುಕಬೇಡಿ, ಸಿಗಲ್ಲ. ತಾವು ಹುಟ್ಟಿದ ಮಾರ್ಷಲ್ ಊರಿಗೇ ಬೆಲ್ಲೇರ್ಸ್ ಬೇರೆ ಹೆಸರಿಟ್ಟು ಕೂರಿಸಿದ್ದಾರೆ. ಆ ಗಡಿಯಾರದ ಮನೆಗೆ ಮಾದರಿಯಾದ ಕ್ರೋನಿನ್ ಹೌಸ್ ಅಲ್ಲೇ ಇದೆ.

ಕಥೆ ಚೂರು ಹೇಳ್ತೀನಿ, ಪೂರ್ತಿ ಕೇಳಬೇಡಿ. ಅಪ್ಪ ಅಮ್ಮ ಇಬ್ಬರನ್ನೂ ಕಳ್ಕೊಂಡ ಹತ್ತು ವರ್ಷದ ಲೂಯಿಸ್, ಬಸ್ ಹತ್ತಿ ಅಂಕಲ್ ಜೊನಾಥನ್ ಮನೆಗೆ ಬರ್ತಾನೆ. (ದೊಡ್ಡಪ್ಪನೋ ಚಿಕ್ಕಪ್ಪನೋ? ಅಂಕಲ್ ಅಂದ್ಬಿಟ್ರೆ ಇಂಗ್ಲಿಷಿನವರ ಕೆಲಸ ಮುಗೀತು, ತಲೆಬಿಸಿ ನಮಗೆ.) ಅಂಕಲ್ಲು ಮಂತ್ರವಾದಿ. ಪಕ್ಕದ ಮನೆಯ ಮಿಸೆಸ್ ಜಿಮ್ಮರ್‌ಮನ್ ಅವರಿಗಿಂತ ಒಂದು ಕೈ ಮೇಲು, ಉಟ್ಟಿದ್ದು ತೊಟ್ಟಿದ್ದೆಲ್ಲ ನೇರಳೆ ಬಣ್ಣ. ಮೂರೂ ಜನ ಕೂತ್ಕೊಂಡು ಬಿಸ್ಕತ್ತು ಮೆಲ್ಲುತ್ತಾ ಇಸ್ಪೀಟು ಆಡ್ತಾರೆ. ಹೆದರಿಸೋ ಪುಸ್ತಕದಲ್ಲಿ ಇಷ್ಟು ತಿಂಡಿ ನಾನೆಲ್ಲೂ ಕಂಡಿಲ್ಲ.

ಮನೆ ತುಂಬ ಗಡಿಯಾರ. ಯಾಕೆ ಅಂತೀರಾ? ಹಿಂದಿನ ಮಾಲೀಕ, ಮಹಾ ಕಟುಕ ಮಂತ್ರವಾದಿ, ಗೋಡೆಯೊಳಗೆಲ್ಲೋ ಒಂದು ಗಡಿಯಾರ ಬಚ್ಚಿಟ್ಟು ಸತ್ತಿದ್ದಾನೆ. ಅದರ ಟಿಕ್ ಟಿಕ್ ಕಿವಿಗೆ ಬೀಳದಿರಲಿ ಅಂತ ಉಳಿದವುಗಳ ಗದ್ದಲ. (ಪಕ್ಕದ ರೂಮಿನ ಮಾತು ಕೇಳಿಸಬಾರ್ದು ಅಂತ ನೀವು ಟಿವಿ ವಾಲ್ಯೂಮ್ ಏರಿಸ್ತೀರಲ್ಲ, ಹಾಗೇ.) ಆದ್ರೆ ರಾತ್ರಿ ಅಂಕಲ್ಲು ಎಲ್ಲಾ ಗಡಿಯಾರ ನಿಲ್ಲಿಸಿ ಗೋಡೆ ತಟ್ಟಿಕೊಂಡು ಓಡಾಡ್ತಾರೆ. ಹುಡುಗ ಕದ್ದು ನೋಡ್ತಾನೆ.

ಈಗ ಓದುಗರ ಅಭಿಪ್ರಾಯ. ಮೊದಲು ಕೊಟ್ಟವರು ನಮ್ಮಕ್ಕ. ಪುಸ್ತಕ ಓದಿಲ್ಲ, ಅದಕ್ಕೇ ಅಭಿಪ್ರಾಯ ಬಲು ಗಟ್ಟಿ. ಎಡ್ವರ್ಡ್ ಗೋರಿ ಬಿಡಿಸಿದ ಕಪ್ಪು ಗೀರುಗೀರಿನ ಚಿತ್ರ ನೋಡಿದ್ರು, ಕೊನೇ ಪುಟ ತಿರುವಿದ್ರು. 'ಸ್ಮಶಾನ, ಹೆಣ ಎಬ್ಬಿಸೋದು, ಇವೆಲ್ಲ ಮಕ್ಕಳು ಓದೋ ಅಂಥದ್ದೇನೋ? ರಾತ್ರಿ ಕಿರುಚಿಕೊಂಡ್ರೆ ನೀನು ಬರ್ತೀಯಾ?' ಅಂತ ನನಗೆ ಮಂಗಳಾರತಿ.

ಇದೇ ಅಕ್ಕ, ಮಗಳಿಗೆ ಎರಡು ವರ್ಷ ಇದ್ದಾಗ, ತುತ್ತಿಗೊಂದು ಗುಮ್ಮನ್ನ ಕರೀತಿದ್ರು. ಕಿಟಕೀಲಿ ಗುಮ್ಮ, ಮಂಚದ ಕೆಳಗೆ ಗುಮ್ಮ. ನೀವೂ ಕರೆದಿದ್ದೀರಿ, ಬಿಡಿ. ಬಾಲಕೃಷ್ಣನಿಗೇ ಗುಮ್ಮನ ಭಯ ಹಚ್ಚಿ ಹಾಡಿದ ದಾಸರ ನಾಡು ನಮ್ಮದು. ಗೋಡೆಯ ಮೇಲೆ 'ನಾಳೆ ಬಾ' ಅಂತ ಬರೆದು ದೆವ್ವವನ್ನ ದಿನಾ ವಾಪಸ್ ಕಳಿಸಿದ ಜನ ನಾವು. (ಬಾಗಿಲ ಹತ್ರ ಬರೆದಿದ್ದು ನಿಮ್ಮ ಅಕ್ಷರವೇ ತಾನೇ?) ಊಟ ಸೇರಿಸೋಕೆ ದೆವ್ವ ಬೇಕು, ಪುಸ್ತಕದಲ್ಲಿ ಮಾತ್ರ ಬೇಡ!

ಭಾವನ ಅಭಿಪ್ರಾಯ ಬೇರೆ. 'ಚೆನ್ನಾಗಿದೆ, ಆದ್ರೆ ಗ್ರಾಫಿಕ್ಸ್ ಜಾಸ್ತಿ ಆಯ್ತು.' ಪುಸ್ತಕದಲ್ಲಿ ಗ್ರಾಫಿಕ್ಸಾ? ಆಮೇಲೆ ಗೊತ್ತಾಯ್ತು, ನೋಡಿರೋದು 2018ರ ಸಿನಿಮಾ, ಜ್ಯಾಕ್ ಬ್ಲ್ಯಾಕ್, ಕೇಟ್ ಬ್ಲಾಂಚೆಟ್ ಇರೋದು. ನಗಬೇಡಿ. ನೀವು 'ಓದಿದ್ದೀನಿ' ಅಂತ ಹೇಳ್ಕೊಂಡು ತಿರುಗೋ ಪುಸ್ತಕಗಳಲ್ಲಿ ಎಷ್ಟನ್ನ ಥಿಯೇಟರಲ್ಲಿ ಓದಿದ್ದೀರಿ ಅಂತ ನಾನು ಕೇಳಿದ್ನಾ?

ನನ್ನ ಕಥೆ ಕೇಳಿ. ಸ್ಮಶಾನದ ಭಾಗ ಆರಾಮಾಗಿ ಓದಿದೆ. ಬೆವರಿಸಿದ್ದು ಒಂದು ಕಾರು. ರಾತ್ರಿ ಮೂವರೂ ಡ್ರೈವ್ ಹೋಗಿರ್ತಾರೆ, ಹಿಂದೆ ಎರಡು ಹೆಡ್‌ಲೈಟು ಹತ್ತತ್ರ ಬರ್ತಿರುತ್ತೆ. ಅಷ್ಟೇ. ರಕ್ತ ಇಲ್ಲ, ಕೋರೆಹಲ್ಲಿಲ್ಲ. ಆದ್ರೆ ಅಲ್ಲೀವರೆಗೂ ತಮಾಷೆ ಮಾಡ್ಕೊಂಡಿದ್ದ ದೊಡ್ಡವರಿಬ್ಬರೂ ಗಪ್‌ಚಿಪ್. ಕಬ್ಬಿಣದ ಸೇತುವೆ ಮುಟ್ಟೋವರೆಗೆ ಕಾರು ಓಡಿಸೋದೇ ಓಡಿಸೋದು. ಮಂತ್ರ ಗೊತ್ತಿರೋರೇ ಹೆದರಿದ್ರೆ ನಾವ್ಯಾರ ಸೆರಗು ಹಿಡ್ಕೊಳ್ಳೋದು? ನೀರು ಕುಡಿಯೋ ನೆಪದಲ್ಲಿ ಎದ್ದು ಹಾಲಿನ ಲೈಟು ಹಾಕಿಬಂದೆ. (ಅಡುಗೆಮನೇದೂ.)

ಬೆಳಿಗ್ಗೆ ಅಕ್ಕನ ಮಗಳನ್ನ ಕೇಳಿದೆ. ವಯಸ್ಸು ಹತ್ತು, ಲೂಯಿಸ್ ಓರಗೆಯವಳು. ಎರಡೇ ದಿನಕ್ಕೆ ಮುಗಿಸಿದ್ಲು. 'ಭಯ ಆಯ್ತಾ ಪುಟ್ಟಿ?' ದೋಸೆ ಬಾಯಿಗಿಟ್ಟುಕೊಂಡೇ ಅಂದ್ಲು: 'ದೆವ್ವ ಓಕೆ ಮಾಮ. ಟಾರ್ಬಿ ಮಾಡಿದ್ದೇ ಸರಿ ಇಲ್ಲ.'

ಟಾರ್ಬಿ ಯಾರು ಅಂದ್ರೆ, ಸ್ಕೂಲಿನ ಹೀರೋ, ಬೇಸ್‌ಬಾಲ್ ಹುಲಿ. ನಮ್ಮ ಲೂಯಿಸ್ ಡುಮ್ಮ, ಚೆಂಡು ಕಂಡ್ರೆ ಕಣ್ಣು ಮುಚ್ಚೋ ಪಾರ್ಟಿ. ಟಾರ್ಬಿ ಮರದಿಂದ ಬಿದ್ದು ಕೈ ಮುರ್ಕೊಂಡಿರೋವಷ್ಟು ದಿನ ಇವನ ಫ್ರೆಂಡು. ಕೈ ಕೂಡ್ತಾ ಬಂತು, ಸ್ನೇಹ ಸಡಿಲ ಆಯ್ತು. ಅವನನ್ನ ಉಳಿಸ್ಕೊಳ್ಳೋಕೆ, ನನಗೂ ಮಂತ್ರ ಬರುತ್ತೆ ಅಂತ ತೋರಿಸೋಕೆ, ಈ ಪಾಪದವನು ಹ್ಯಾಲೋವೀನ್ ಮಧ್ಯರಾತ್ರಿ ಸ್ಮಶಾನಕ್ಕೆ ಹೋಗಿ ಎಬ್ಬಿಸಬಾರದವರನ್ನ ಎಬ್ಬಿಸ್ತಾನೆ. ಆಮೇಲೆ ಎದುರುಮನೆಗೆ ಹೊಸಬರೊಬ್ಬರು ಬರ್ತಾರೆ. ಇನ್ನು ಹೇಳಲ್ಲ. (ನಿಮ್ಮ ಎದುರುಮನೆಗೆ ಟೆಂಪೋ ಬಂದಾಗ ಬಾಲ್ಕನೀಲಿ ಒಣಗಿದ ಬಟ್ಟೇನೇ ಮತ್ತೆ ಮತ್ತೆ ಒಣಗಿ ಹಾಕಿದ್ದು ಯಾರು, ನಾನಾ?)

'ಅಂಕಲ್‌ಗೆ ಹೇಳ್ಬಿಟ್ಟಿದ್ರೆ ಆಗ್ತಿತ್ತಲ್ಲೇ?' ಅಂದೆ. ನನ್ನನ್ನ ದಡ್ಡನ ಹಾಗೆ ನೋಡಿದ್ಲು. 'ಹೇಳಿದ್ರೆ ಮನೆಯಿಂದ ಕಳಿಸಿಬಿಡ್ತಾರೆ ಅಂತ ಅವನಿಗೆ ಭಯ. ಅದೇ ಅಲ್ವಾ ಮಾಮ ಕಥೆ?' ಅಂದವಳೇ ಚಟ್ನಿ ಕೇಳಿದ್ಲು. ನಾನು ಇಡೀ ರಾತ್ರಿ ಎರಡು ಲೈಟು ಉರಿಸಿ ಹುಡುಕಿದ್ದು ಇವಳಿಗೆ ದೋಸೆ ಜೊತೆ ಸಿಕ್ಕಿತ್ತು. ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸೈನು ನೀವೇ ಹಾಕ್ಕೊಂಡು ಒಂದು ವಾರ ಅನ್ನ ಸೇರದೆ ಕೂತಿದ್ರಲ್ಲ, ನೆನಪಿದೆಯಾ? ಆ ವಾರದ ಮುಂದೆ ಯಾವ ದೆವ್ವ ನಿಲ್ಲುತ್ತೆ?

ಈಗ ನಿಮ್ಮ ಟಾರ್ಬಿ ಯಾರು, ಹೇಳ್ಬಿಡಿ. ಹಳೇ ಕ್ಲಾಸ್‌ಮೇಟ್ಸ್ ವಾಟ್ಸ್ಯಾಪ್ ಗ್ರೂಪಲ್ಲಿ ಕಾರಿನ ಫೋಟೋ ಹಾಕ್ತಾನಲ್ಲ, ಅವನೇ ತಾನೆ? ಅವನ ಮುಂದೆ ಸೈ ಅನ್ನಿಸ್ಕೊಳ್ಳೋಕೆ ನೀವು ಎಬ್ಬಿಸಿರೋ ಇಎಂಐ ಇನ್ನೂ ತಿಂಗಳಿಗೊಂದು ಸಲ ಎದ್ದು ಬರ್ತಿದೆ.

ಅಕ್ಕ? ನಿನ್ನೆಯಿಂದ ಪುಸ್ತಕ ಕಾಣಿಸ್ತಿಲ್ಲ. ಅವರ ತಲೆದಿಂಬಿನ ಕೆಳಗೆ ಒಂದು ಮೂಲೆ ಇಣುಕ್ತಿದೆ, ಒಳಗೆ ಬುಕ್‌ಮಾರ್ಕಿನ ಬದಲು ಹಾಲಿನ ಬಿಲ್ಲು. 'ಮಕ್ಕಳಿಗೆ ಸರಿ ಇದೆಯಾ ಅಂತ ಚೆಕ್ ಮಾಡ್ತಿದೀನಿ' ಅಂದ್ರು. ಅವರದ್ದಾದ ಮೇಲೆ ನಿಮಗೇ ಕೊಡಿಸ್ತೀನಿ. ಆದ್ರೆ ಕೊನೇ ಪುಟ ಮೊದಲು ನೋಡಲ್ಲ ಅಂತ ಆಣೆ ಮಾಡಿ. ಏನು, ಈ ಹರಟೇದೂ ಕೊನೇ ಪ್ಯಾರಾನೇ ಮೊದಲು ಓದಿದ್ರಾ? ಸರಿ, ನಡೀರಿ ಮೇಲಕ್ಕೆ.