ಗ್ಯಾಸ್ ಹೋಗಿದೆ ಸಾರ್

ಹಳೆಯ ಕಾರಿನ ಏಸಿಗೆ ಬಂದ ಕಾಯಿಲೆ ಯಾವುದೇ ಇರಲಿ, ಗ್ಯಾರೇಜಿನಲ್ಲಿ ಸಿಗುವ ರೋಗನಿರ್ಣಯ ಒಂದೇ: ‘ಗ್ಯಾಸ್ ಹೋಗಿದೆ ಸಾರ್.’ ಮಾತು ಬಹುಮಟ್ಟಿಗೆ ನಿಜವೇ. ಆದರೆ ಹೋದದ್ದು ಯಾವ ದಾರಿಯಲ್ಲಿ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಪೆಟ್ರೋಲು ಉರಿಯುತ್ತದೆ, ಟಯರು ಸವೆಯುತ್ತದೆ. ಏಸಿಯ ಗ್ಯಾಸು ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಕಂಪ್ರೆಸರಿನಲ್ಲಿ ಒತ್ತಡಕ್ಕೆ ಸಿಕ್ಕಿ ಕಾದು, ಕಂಡೆನ್ಸರಿನಲ್ಲಿ ಬಿಸಿ ಕಳೆದುಕೊಂಡು ದ್ರವವಾಗಿ, ಎಕ್ಸ್‌ಪ್ಯಾನ್ಷನ್ ವಾಲ್ವಿನ ಕಿಂಡಿಯಲ್ಲಿ ನುಸುಳಿ, ಕೂಲಿಂಗ್ ಕಾಯಿಲಿನಲ್ಲಿ ಮತ್ತೆ ಆವಿಯಾಗುತ್ತ ಸುತ್ತುತ್ತಲೇ ಇರುತ್ತದೆ. ಅದು ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆಯೆಂದೇ ಲೆಕ್ಕ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸುವುದಕ್ಕೆ ರಿಪೇರಿ ಎನ್ನಲಾಗದು. ಅದು ವಾರ್ಷಿಕ ಚಂದಾ.

ಬಲ್ಲವರು ಇಲ್ಲಿ ಅಡ್ಡಬರುತ್ತಾರೆ: ಕಾರೇನು ಫ್ರಿಜ್ಜೇ? ಫ್ರಿಜ್ಜಿನಲ್ಲಿ ಮೋಟಾರು, ಕಂಪ್ರೆಸರು ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಬೆಸುಗೆ ಹಾಕಿರುತ್ತಾರೆ. ಕಾರಿನ ಕಂಪ್ರೆಸರನ್ನು ಎಂಜಿನ್ನಿನ ಬೆಲ್ಟು ತಿರುಗಿಸಬೇಕು, ಹಾಗಾಗಿ ಅದರ ಶಾಫ್ಟು ಹೊರಗೆ ಚಾಚಿರುತ್ತದೆ; ಎಂಜಿನ್ ನಡುಗುವುದರಿಂದ ಪೈಪುಗಳೂ ಅಲ್ಲಲ್ಲಿ ರಬ್ಬರಿನವೇ ಆಗಬೇಕು. ತುಸು ಜಿನುಗುವುದು ಅದರ ಹಣೆಬರಹ. ಒಪ್ಪಿದೆ. ಆದರೆ ವರ್ಷಗಟ್ಟಲೆ ಜಿನುಗುವುದು ಬೇರೆ, ಶಿವರಾತ್ರಿಗೆ ತುಂಬಿಸಿದ್ದು ಯುಗಾದಿಗೆ ಮಾಯವಾಗುವುದು ಬೇರೆ. ಅದೂ ಅಲ್ಲದೆ ಈ ಕಳ್ಳ ಗುರುತು ಬಿಡದೆ ಹೋಗುವವನಲ್ಲ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತಿರುತ್ತದೆ. ಸೋರುವ ಜಾಯಿಂಟಿನ ಸುತ್ತ ಜಿಡ್ಡು ಕೂತು, ಅದಕ್ಕೆ ದಾರಿಯ ಧೂಳು ಮೆತ್ತಿ ಕರಿ ಉಂಗುರವಾಗಿರುತ್ತದೆ. ಟಾರ್ಚು ಬಿಟ್ಟರೆ ಕಂಡೀತು. ಕಾಣದಿದ್ದರೆ ನೈಟ್ರೋಜನ್ ತುಂಬಿಸಿ ಸೋಪಿನ ನೀರು ಹಚ್ಚಿದರೆ ಗುಳ್ಳೆಗಳೇ ಎದ್ದು ಸಾಕ್ಷಿ ಹೇಳುತ್ತವೆ.

ಇನ್ನು ‘ಹಳೇ ಗ್ಯಾಸಿನ ಥಂಡಿ ಈಗಿನದರಲ್ಲಿಲ್ಲ’ ಎಂದು ನಿಟ್ಟುಸಿರಿಡುವ ಪಂಥ. ಆ ಹಳೇ ಗ್ಯಾಸು ಆರ್-12. 1928ರಲ್ಲಿ ಅದನ್ನು ತಯಾರಿಸಿದ ತಂಡದ ಮುಂದಾಳು ಥಾಮಸ್ ಮಿಜ್ಲಿ. ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯವನ್ನು ಅದಕ್ಕೂ ಮೊದಲು, 1921ರಲ್ಲಿ, ಕಂಡುಹಿಡಿದವನೂ ಈತನೇ. ಕಾರಿನ ಹೊಟ್ಟೆಗೂ ತಂಪಿಗೂ ವ್ಯವಸ್ಥೆ ಮಾಡಿದ ಪುಣ್ಯಾತ್ಮ, ನೆಲ ಮುಗಿಲುಗಳ ಪಾಡು ಮಾತ್ರ ಯೋಚಿಸಲಿಲ್ಲ. ಓಝೋನ್ ಪದರ ಹರಿಯುತ್ತಿದೆಯೆಂದು 1987ರ ಮಾಂಟ್ರಿಯಲ್ ಒಪ್ಪಂದ ಬಂತು. ಕಾರುಗಳಿಗೆ ಆರ್-134ಎ ಬಂತು. ಆ ಕಾಲದ ಮಾರುತಿ, ಕಾಂಟೆಸ್ಸಾಗಳಿಗೆ ಹೊಸ ಗ್ಯಾಸನ್ನು ಸುಮ್ಮನೆ ತುಂಬಿಸಿದರೆ ಥಂಡಿ ಸಾಲದಿರುವುದು ನಿಜ, ಆದರೆ ತಪ್ಪು ಗ್ಯಾಸಿನದಲ್ಲ. ಹಳೆಯ ಮಿನರಲ್ ಎಣ್ಣೆ ಇದರಲ್ಲಿ ಕರಗದು. ಕಂಪ್ರೆಸರಿಗೆ ಮರಳದೆ ಕಾಯಿಲಿನಲ್ಲೇ ಕೂತುಬಿಡುತ್ತದೆ, ಕಂಪ್ರೆಸರು ಒಣಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಎಣ್ಣೆ, ಡ್ರೈಯರು, ಓರಿಂಗುಗಳು ಬದಲಾಗಬೇಕು. ಸೆಕೆ ಏರಿದಂತೆ ಇದರ ಒತ್ತಡ ಹಳೆಯದಕ್ಕಿಂತ ಮೇಲೇರುವುದರಿಂದ ಕಂಡೆನ್ಸರು ಹೆಚ್ಚು ಬಿಸಿಯನ್ನು ಹೊರಹಾಕಬೇಕು: ಹೊಸ ಮಾದರಿಯ ಪ್ಯಾರಲಲ್ ಫ್ಲೋ ಕಂಡೆನ್ಸರು, ಅದರ ಮುಂದೊಂದು ಗಟ್ಟಿ ಫ್ಯಾನು. ಸಿಗ್ನಲ್ಲಿನಲ್ಲಿ ನಿಂತ ಕಾರು ತಣ್ಣಗಿರುವುದು ಈ ಫ್ಯಾನಿನ ದಯೆಯಿಂದ.

‘ಇಷ್ಟು ಖರ್ಚಿಗೆ ಕಿಟಕಿ ಇಳಿಸಬಾರದೇ?’ ಮಡಿಕೇರಿಯಲ್ಲಾದರೆ ಇಳಿಸಬಹುದು. ಮೇ ತಿಂಗಳ ಕಲಬುರಗಿಯಲ್ಲಿ ಇಳಿಸಿದವರಿಗೆ ಒಳಗೆ ಬರುವುದು ಒಲೆಯ ಉಸಿರು. ‘ಪುಟ್ಟ ಎಂಜಿನ್ನು ಭಾರ ತಾಳದು’ ಎಂಬ ಮಾತಿನಲ್ಲಿ ಹುರುಳಿದೆ. ಮಾರುತಿಯ 796 ಸಿಸಿ ಎಂಜಿನ್ನು ಘಾಟಿಯಲ್ಲಿ ಏದುಸಿರು ಬಿಡುತ್ತದೆ. ಅಲ್ಲಿ ಸ್ವಿಚ್ ಆರಿಸಿದರಾಯಿತು. 1940ರ ಪ್ಯಾಕರ್ಡ್ ಕಾರಿನ ಶ್ರೀಮಂತರಿಗೆ ಆ ಭಾಗ್ಯವೂ ಇರಲಿಲ್ಲ. ಏಸಿ ನಿಲ್ಲಿಸಲು ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಕಳಚಬೇಕಿತ್ತು. ಉಳಿದದ್ದು ಖರ್ಚು. ಅದಕ್ಕೊಂದು ಕ್ರಮವಿದೆ: ಮೊದಲು ಸೋರಿಕೆ, ಆಮೇಲೆ ಕಂಡೆನ್ಸರು ಫ್ಯಾನು, ಬಳಿಕ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆದು ಒಳಗಿನ ತೇವ ತೆಗೆಯುವುದು, ಕಟ್ಟಕಡೆಗೆ ಗ್ಯಾಸು. ಈ ಕ್ರಮ ತಲೆಕೆಳಗಾದರೆ ತಣ್ಣಗಾಗುವುದು ಗ್ಯಾರೇಜಿನವರ ಹೊಟ್ಟೆಯೊಂದೇ.